ಆಪರೇಷನ್ ಕೋಣೆಯಲ್ಲಿ ಉಸಿರಿನ ಕಾವಲು



ಫೆಬ್ರವರಿ ೧೧ ಲೂರ್ದು ಮಾತೆಯ ಹಬ್ಬ. ೧೯೯೩ರಿಂದ ಅದೇ ದಿನವನ್ನು ವಿಶ್ವ ರೋಗಿಗಳ ದಿನವಾಗಿಯೂ ಆಚರಿಸುತ್ತಾ ಬಂದಿದ್ದೇವೆ. ಅಂದು ಎಲ್ಲ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ನಮ್ಮ ಮನೆಯಲ್ಲೇ ಒಬ್ಬರು ಹಾಸಿಗೆ ಹಿಡಿದಾಗ, ಅವರಿಗೆ ನಡೆಯಲಿರುವ ಚಿಕಿತ್ಸೆಯ ಬಗ್ಗೆ ನಮಗೆ ಎಷ್ಟು ಗೊತ್ತಿರುತ್ತದೆ?

ಬಾಗಲಕೋಟೆ ಜಿಲ್ಲೆಯ ಗುಡೂರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗುಡೂರು ಮಗ್ಗದ ಊರು. ಆ ಮನೆಯ ತಾಯಿಗೆ ಅರವತ್ತು ದಾಟಿದೆ. ಕೆಲವು ತಿಂಗಳುಗಳಿಂದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ. ಮೊದಲು ನೀರು ಕುಡಿದು ನುಂಗುತ್ತಿದ್ದರು, ಈಗ ಅಂಬಲಿಯೂ ಕಷ್ಟ. ಬಾಗಲಕೋಟೆಯಲ್ಲಿ ತಪಾಸಣೆ ಆಯಿತು, ಅಲ್ಲಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದರು. ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲು ಕೆಲವು ವಾರ ಔಷಧಿ ಮತ್ತು ವಿಕಿರಣ, ಅನಂತರ ಆಪರೇಷನ್ ಎಂದು ವೈದ್ಯರು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಮಾತು ಶುರುವಾಗುತ್ತದೆ. "ಚಾಕು ತಾಗಿದ್ರ ಕ್ಯಾನ್ಸರ್ ಮೈತುಂಬ ಹಬ್ಬತೈತಂತ, ಯವ್ವಾ" ಎಂದು ಒಬ್ಬರು. "ಮತ್ತಿನ ಸೂಜಿಯಿಂದ ಪುಪ್ಪುಸ ಕೆಡತಾವಂತ, ವಯಸ್ಸಾದವರಿಗೆ ಎಚ್ಚರಾನ ಆಗಂಗಿಲ್ಲಂತ" ಎಂದು ಇನ್ನೊಬ್ಬರು. ಮಗ ಸುಮ್ಮನೆ ಕೂರುತ್ತಾನೆ. ಹೀಗೆ ಒಂದು ವಾರ ಹೋಗುತ್ತದೆ, ಒಂದು ತಿಂಗಳು ಹೋಗುತ್ತದೆ. ಗಡ್ಡೆ ಮಾತ್ರ ಸುಮ್ಮನೆ ಕೂರುವುದಿಲ್ಲ.

ಈ ಮಾತುಗಳನ್ನು ಅಜ್ಞಾನ ಎಂದು ನಗುವುದು ಸರಿಯಲ್ಲ. ಅರಿವಳಿಕೆಯ ಔಷಧಿಯಿಂದ ಶ್ವಾಸಕೋಶಕ್ಕೆ ಏನಾಗುತ್ತದೆ, ಕ್ಯಾನ್ಸರ್ ಮರಳಿ ಬರಲು ಅದು ಕಾರಣವಾಗುತ್ತದೆಯೇ ಎಂಬ ಪ್ರಶ್ನೆಗಳನ್ನು ದೊಡ್ಡ ದೊಡ್ಡ ವೈದ್ಯರೇ ವರ್ಷಗಟ್ಟಲೆ ಕೇಳಿಕೊಂಡಿದ್ದಾರೆ. ಅವರಿಗೆ ಸಿಕ್ಕಿದ ಉತ್ತರವನ್ನು ನಮ್ಮ ಮನೆಗಳಿಗೆ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ.

ಹಳೆಯ ನಂಟು

ಅರಿವಳಿಕೆಗೂ ಕ್ಯಾನ್ಸರಿಗೂ ಇರುವ ನಂಟು ಇಂದಿನದಲ್ಲ. ೧೮೦೪ರಲ್ಲಿ ಜಪಾನಿನ ವೈದ್ಯ ಹನಾಓಕಾ ಸೈಶು ಅವರು ಗಿಡಮೂಲಿಕೆಗಳ ಕಷಾಯ ಕುಡಿಸಿ, ಎಚ್ಚರ ತಪ್ಪಿಸಿ, ಅರವತ್ತು ವರ್ಷದ ಒಬ್ಬ ತಾಯಿಯ ಸ್ತನ ಕ್ಯಾನ್ಸರ್ ಗಡ್ಡೆಯನ್ನು ತೆಗೆದರು. ೧೮೪೬ರ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಮಾಡಿ ತೋರಿಸಿದ ಪ್ರಸಿದ್ಧ ಶಸ್ತ್ರಚಿಕಿತ್ಸೆಯೂ ಕತ್ತಿನ ಗಡ್ಡೆಯದೇ. ಮುಂದಿನ ವರ್ಷವೇ ಈಥರ್ ಕೋಲ್ಕತ್ತಕ್ಕೆ ಬಂತು.

ನಮ್ಮ ನೆರೆಯಲ್ಲೂ ಒಂದು ಅಧ್ಯಾಯ ನಡೆಯಿತು. ಇಳಕಲ್ಲಿನ ಆಚೆಗಿರುವ ಕುಷ್ಟಗಿ ಆಗ ಹೈದರಾಬಾದ್ ನಿಜಾಮರ ಸೀಮೆ. ಆ ಹೈದರಾಬಾದಿನಲ್ಲಿ ೧೮೮೮ ಮತ್ತು ೧೮೮೯ರಲ್ಲಿ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು ಎರಡು ಆಯೋಗಗಳು ಕುಳಿತವು. ಅದನ್ನು ನಡೆಸಿದ ಡಾ. ಎಡ್ವರ್ಡ್ ಲಾರಿ ಅವರು ಕಲಿಸುತ್ತಿದ್ದ ಪಾಠ ಒಂದೇ: ರೋಗಿಯ ಉಸಿರಿನ ಮೇಲೆ ಕಣ್ಣಿಡಿ. ಕ್ಲೋರೋಫಾರ್ಮ್ ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲದು ಎಂಬುದು ಆಮೇಲೆ ತಿಳಿಯಿತು, ಆದ್ದರಿಂದ ಅವರ ತೀರ್ಮಾನ ಪೂರ್ತಿ ಸರಿಯಾಗಿರಲಿಲ್ಲ. ಆದರೆ ಉಸಿರನ್ನು ಕಾಯಬೇಕೆಂಬ ಮಾತು ಇಂದಿಗೂ ಅರಿವಳಿಕೆ ತಜ್ಞರ ಮೊದಲ ಪಾಠ.

ಉರಿಯೂತ ಎಂದರೇನು?

ಬೆರಳಿಗೆ ಜಾಲಿಮುಳ್ಳು ಚುಚ್ಚಿದರೆ ಏನಾಗುತ್ತದೆ? ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಇದೇ ಉರಿಯೂತ. ಗಾಯಗೊಂಡ ಜೀವಕೋಶಗಳು ಸೈಟೋಕೈನ್ ಎಂಬ ರಾಸಾಯನಿಕಗಳ ಮೂಲಕ ಸುದ್ದಿ ಕಳಿಸುತ್ತವೆ. ಸುದ್ದಿ ತಲುಪಿದೊಡನೆ ರಕ್ತನಾಳಗಳ ಗೋಡೆ ಸಡಿಲವಾಗಿ, ಬಿಳಿ ರಕ್ತಕಣಗಳು ಗಾಯದ ಕಡೆ ಧಾವಿಸುತ್ತವೆ. ಇದು ದೇಹವನ್ನು ಉಳಿಸುವ ಕೆಲಸ. ಇದಿಲ್ಲದಿದ್ದರೆ ಯಾವ ಗಾಯವೂ ಮಾಯುವುದಿಲ್ಲ.

ಶಸ್ತ್ರಚಿಕಿತ್ಸೆಯೂ ದೇಹದ ಲೆಕ್ಕದಲ್ಲಿ ಒಂದು ದೊಡ್ಡ ಗಾಯವೇ. ಎದೆ ಮತ್ತು ಹೊಟ್ಟೆ ಎರಡನ್ನೂ ತೆರೆಯುವ ಅನ್ನನಾಳದ ಆಪರೇಷನ್ನಿನಲ್ಲಿ ಈ ಸುದ್ದಿ ಮೈಯೆಲ್ಲ ಹರಡುತ್ತದೆ. ಇಂಟರ್‌ಲೂಕಿನ್-೬ ಎಂಬ ಸೈಟೋಕೈನ್ ರಕ್ತದಲ್ಲಿ ಏರುತ್ತದೆ. ಅತಿಯಾದರೆ ಮೊದಲು ಕಷ್ಟಪಡುವ ಅಂಗಗಳಲ್ಲಿ ಶ್ವಾಸಕೋಶವೂ ಒಂದು. ಅಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳ ಗೋಡೆ ಬಹಳ ತೆಳು, ಅದಕ್ಕೆ ಅಂಟಿಕೊಂಡೇ ರಕ್ತನಾಳಗಳು ಹರಿಯುತ್ತವೆ. ಆ ಗೋಡೆ ಸೋರತೊಡಗಿದರೆ ಚೀಲದೊಳಗೆ ನೀರು ತುಂಬುತ್ತದೆ. ಆಗ ಎಷ್ಟು ಉಸಿರೆಳೆದರೂ ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ.

ಒಂದೇ ಶ್ವಾಸಕೋಶದ ಉಸಿರು

ಅರಿವಳಿಕೆ ಕೊಟ್ಟೊಡನೆ ಸ್ನಾಯುಗಳು ಸಡಿಲವಾಗುತ್ತವೆ. ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯಬೇಕಾದ ಗಾಳಿ ಸುಮಾರು ಅರ್ಧ ಲೀಟರ್ ಕಡಿಮೆಯಾಗುತ್ತದೆ. ಬೆನ್ನಿನ ಕಡೆಯ ಕೆಲವು ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿಗೆ ಹೀಗೆ ಆಗುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಸರಿಹೋಗುತ್ತದೆ.

ಅನ್ನನಾಳ ಅಥವಾ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ನಿನಲ್ಲಿ ಇನ್ನೊಂದು ತೊಡಕಿದೆ. ಎದೆಯೊಳಗೆ ಕೆಲಸ ಮಾಡಲು ಶಸ್ತ್ರವೈದ್ಯರಿಗೆ ಜಾಗ ಬೇಕು. ಅದಕ್ಕಾಗಿ ಎರಡು ದಾರಿಗಳಿರುವ ವಿಶೇಷ ಕೊಳವೆ ಹಾಕಿ, ಒಂದು ಶ್ವಾಸಕೋಶದ ಗಾಳಿಯನ್ನು ಬಿಟ್ಟು ಅದನ್ನು ಕುಗ್ಗಿಸುತ್ತಾರೆ. ರೋಗಿ ಕೆಲವು ಗಂಟೆಗಳ ಕಾಲ ಒಂದೇ ಶ್ವಾಸಕೋಶದಿಂದ ಉಸಿರಾಡಬೇಕು. ಆ ಒಂದರ ಮೇಲೆ ಇಡೀ ಭಾರ ಬೀಳುತ್ತದೆ. ಯಂತ್ರ ಗಾಳಿಯನ್ನು ಹೆಚ್ಚು ತುಂಬಿದರೆ ಅದರ ಚೀಲಗಳು ಹಿಗ್ಗಿ ನೋಯುತ್ತವೆ. ಕುಗ್ಗಿದ ಇನ್ನೊಂದಕ್ಕೆ ಕೊನೆಯಲ್ಲಿ ಮತ್ತೆ ಗಾಳಿ, ರಕ್ತ ನುಗ್ಗಿದಾಗ ಅಲ್ಲೂ ಉರಿಯೂತ ಏಳುತ್ತದೆ. ಹೀಗೆ ಎರಡಕ್ಕೂ ಪೆಟ್ಟು. ಈ ಪೆಟ್ಟನ್ನು ಅರಿವಳಿಕೆಯ ಔಷಧಿಯೇ ತಗ್ಗಿಸಬಲ್ಲದೇ? ವೈದ್ಯರ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಎರಡು ಬಗೆಯ ಔಷಧಿಗಳು

ಪೂರ್ಣ ಅರಿವಳಿಕೆಯನ್ನು ಮುಂದುವರಿಸಲು ಇಂದು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಉಸಿರಿನ ಮೂಲಕ ಕೊಡುವ ಆವಿ: ಸೆವೊಫ್ಲುರೇನ್, ಐಸೊಫ್ಲುರೇನ್, ಡೆಸ್‌ಫ್ಲುರೇನ್. ಇನ್ನೊಂದು, ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್.

ಎರಡಕ್ಕೂ ಅದರದರ ಗುಣಗಳಿವೆ. ಸೆವೊಫ್ಲುರೇನ್ ಶ್ವಾಸನಾಳಗಳನ್ನು ಸಡಿಲಿಸುತ್ತದೆ, ಆದ್ದರಿಂದ ಆಸ್ತಮಾ ಇದ್ದವರಿಗೆ ಅನುಕೂಲ. ಪ್ರೊಪೊಫಾಲ್ ಕೊಟ್ಟಾಗ ಎಚ್ಚರವಾದ ಮೇಲೆ ವಾಂತಿ, ವಾಕರಿಕೆ ಕಡಿಮೆ.

ಸ್ವಿಟ್ಜರ್ಲೆಂಡಿನ ವೈದ್ಯರು ಎದೆಯ ಆಪರೇಷನ್ ಆಗುತ್ತಿದ್ದ ೫೪ ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೆವೊಫ್ಲುರೇನ್, ಇನ್ನೊಂದಕ್ಕೆ ಪ್ರೊಪೊಫಾಲ್ ಕೊಟ್ಟು, ಕುಗ್ಗಿಸಿದ ಶ್ವಾಸಕೋಶದೊಳಗಿನ ದ್ರವವನ್ನು ಪರೀಕ್ಷಿಸಿದರು. ೨೦೦೯ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸೆವೊಫ್ಲುರೇನ್ ಪಡೆದವರಲ್ಲಿ ಉರಿಯೂತದ ರಾಸಾಯನಿಕಗಳು ಕಡಿಮೆ ಇದ್ದವು. ಹಾಗಾದರೆ ಆವಿಯೇ ಶ್ವಾಸಕೋಶಕ್ಕೆ ಒಳ್ಳೆಯದು ಎಂದು ಹಲವರು ಭಾವಿಸಿದರು.

ಆದರೆ ರಾಸಾಯನಿಕ ಕಡಿಮೆಯಾದರೆ ಸಾಕೇ? ರೋಗಿ ಆರಾಮಾಗಿ ಮನೆಗೆ ಹೋಗಬೇಕಲ್ಲವೇ? ಅದೇ ದೇಶದ ವೈದ್ಯರು ಹಲವು ಆಸ್ಪತ್ರೆಗಳ ೪೬೦ ಶ್ವಾಸಕೋಶ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಡೆಸ್‌ಫ್ಲುರೇನ್ ಮತ್ತು ಪ್ರೊಪೊಫಾಲ್‌ಗಳನ್ನು ಹೋಲಿಸಿದರು. ೨೦೧೬ರಲ್ಲಿ ಬಂದ ಉತ್ತರ ಸರಳವಾಗಿತ್ತು: ದೊಡ್ಡ ತೊಡಕುಗಳ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲ, ಆರು ತಿಂಗಳ ನಂತರವೂ ಇಲ್ಲ.

ಕ್ಯಾನ್ಸರ್ ಮರಳುತ್ತದೆಯೇ?

ಇನ್ನು ಎರಡನೆಯ ಭಯ. ಶಸ್ತ್ರಚಿಕಿತ್ಸೆಯ ನಂತರದ ಕೆಲವು ದಿನ ದೇಹದ ಕಾವಲುಪಡೆ, ಅಂದರೆ ಕ್ಯಾನ್ಸರ್ ಕಣಗಳನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳು, ಸ್ವಲ್ಪ ಮಂಕಾಗುತ್ತವೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಆವಿಯ ಔಷಧಿಗಳು ಅವನ್ನು ಇನ್ನಷ್ಟು ಮಂಕಾಗಿಸಿದಂತೆಯೂ, ಪ್ರೊಪೊಫಾಲ್ ಅವನ್ನು ಅಷ್ಟಾಗಿ ಮುಟ್ಟದಂತೆಯೂ ಕಂಡಿತು. ಶ್ವಾಸಕೋಶದ ವಿಷಯದಲ್ಲಿ ಆವಿಗೆ ಹೊಗಳಿಕೆ, ಕ್ಯಾನ್ಸರಿನ ವಿಷಯದಲ್ಲಿ ಪ್ರೊಪೊಫಾಲ್‌ಗೆ ಹೊಗಳಿಕೆ!

ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯೊಂದರ ೭,೦೦೦ಕ್ಕೂ ಹೆಚ್ಚು ರೋಗಿಗಳ ಹಳೆಯ ದಾಖಲೆಗಳನ್ನು ೨೦೧೬ರಲ್ಲಿ ಪರಿಶೀಲಿಸಿದಾಗ, ಪ್ರೊಪೊಫಾಲ್ ಪಡೆದವರು ಹೆಚ್ಚು ಕಾಲ ಬದುಕಿದಂತೆ ತೋರಿತು. ಆದರೆ ಹಳೆಯ ದಾಖಲೆ ನಮ್ಮನ್ನು ದಾರಿ ತಪ್ಪಿಸಬಹುದು. ಯಾರಿಗೆ ಯಾವ ಔಷಧಿ ಎಂದು ಆಗ ನಿರ್ಧರಿಸಿದ್ದು ವೈದ್ಯರು. ಹೆಚ್ಚು ನಿತ್ರಾಣವಾದವರಿಗೆ ಒಂದು ಔಷಧಿಯನ್ನೇ ಕೊಟ್ಟಿದ್ದರೆ, ಸಾವಿಗೆ ಕಾರಣ ನಿತ್ರಾಣವೋ ಔಷಧಿಯೋ? ಇದನ್ನು ಬಿಡಿಸಿ ಹೇಳಬೇಕಾದರೆ ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪು ಮಾಡಿ ನೋಡಬೇಕು.

ಹಾಗೆಯೇ ಮಾಡಿದರು. ಹಲವು ದೇಶಗಳ ೨,೧೦೦ಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಒಂದು ಗುಂಪಿಗೆ ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದು ಮತ್ತು ಪ್ರೊಪೊಫಾಲ್, ಇನ್ನೊಂದಕ್ಕೆ ಸೆವೊಫ್ಲುರೇನ್ ಮತ್ತು ಅಫೀಮು ಜಾತಿಯ ನೋವು ನಿವಾರಕ. ೨೦೧೯ರಲ್ಲಿ ತಿಳಿದಂತೆ, ಎರಡೂ ಗುಂಪುಗಳಲ್ಲಿ ಕ್ಯಾನ್ಸರ್ ಮರಳಿದ್ದು ನೂರಕ್ಕೆ ಹತ್ತು ಮಂದಿಗೆ. ಸ್ವೀಡನ್ನಿನ ವೈದ್ಯರ ನೇತೃತ್ವದಲ್ಲಿ ೧,೬೦೦ಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳನ್ನು ಐದು ವರ್ಷ ಗಮನಿಸಿದ ಇನ್ನೊಂದು ಅಧ್ಯಯನ ೨೦೨೩ರಲ್ಲಿ ಬಂತು. ಪ್ರೊಪೊಫಾಲ್ ಪಡೆದವರಲ್ಲೂ ಸೆವೊಫ್ಲುರೇನ್ ಪಡೆದವರಲ್ಲೂ ನೂರಕ್ಕೆ ಸುಮಾರು ೯೨ ಮಂದಿ ಬದುಕಿದ್ದರು.

ನಮ್ಮ ದೇಶದಿಂದ ಬಂದ ಒಂದು ಸುದ್ದಿಯನ್ನು ಸಂತೋಷದಿಂದ ಹೇಳಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಸ್ತನದ ಗಡ್ಡೆಯನ್ನು ಕತ್ತರಿಸುವ ಕೆಲವೇ ನಿಮಿಷ ಮೊದಲು, ಅದರ ಸುತ್ತ ಲಿಗ್ನೊಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಮದ್ದು ಇದೇ ಜಾತಿಯದು, ಬೆಲೆಯೂ ಕಡಿಮೆ. ಸುಮಾರು ೧,೬೦೦ ಮಹಿಳೆಯರ ಈ ಅಧ್ಯಯನ ೨೦೨೩ರಲ್ಲಿ ಪ್ರಕಟವಾಯಿತು. ಐದು ವರ್ಷದ ಬಳಿಕ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ ೯೦.೧, ಪಡೆಯದವರಲ್ಲಿ ೮೬.೪ ಮಂದಿ ಬದುಕಿದ್ದರು. ಇದು ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಮಾತು, ಎಲ್ಲ ಕ್ಯಾನ್ಸರಿಗೂ ಅನ್ವಯಿಸಿ ಹೇಳುವಂತಿಲ್ಲ. ಆದರೂ ಅಗ್ಗದ ಹಳೆಯ ಔಷಧಿಯೊಂದು ಇಷ್ಟು ಮಾಡಬಲ್ಲದೆಂಬುದು ಬಡವರಿಗೆ ಭರವಸೆ.

ಹಾಗಾದರೆ ಗುಡೂರಿನ ಮನೆಯ ಪ್ರಶ್ನೆಗೆ ಉತ್ತರವೇನು? ಆವಿಯೋ ಪ್ರೊಪೊಫಾಲೋ ಎಂಬ ಆಯ್ಕೆ ರೋಗಿಯ ಬದುಕು ಸಾವನ್ನು ನಿರ್ಧರಿಸಿದ್ದು ಇಂಥ ದೊಡ್ಡ ಪರೀಕ್ಷೆಗಳಲ್ಲಿ ಕಂಡಿಲ್ಲ. ಮತ್ತಿನ ಔಷಧಿಗೆ ಹೆದರಿ ಕ್ಯಾನ್ಸರ್ ಆಪರೇಷನ್ ಬಿಡುವುದಕ್ಕೆ ಕಾರಣವಿಲ್ಲ.

ನಿಜವಾಗಿ ಕಾಯುವುದು ಯಾವುದು?

ಒಂದನೆಯದು, ಯಂತ್ರದ ಹದವಾದ ಉಸಿರು. ಹಿಂದೆ ದೇಹದ ತೂಕದ ಕಿಲೋವೊಂದಕ್ಕೆ ೧೦ ರಿಂದ ೧೨ ಮಿಲಿಲೀಟರಿನಷ್ಟು ಗಾಳಿ ತುಂಬುತ್ತಿದ್ದರು. ಫ್ರಾನ್ಸಿನಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ ೪೦೦ ಮಂದಿಯ ಅಧ್ಯಯನ ೨೦೧೩ರಲ್ಲಿ ಬಂತು. ಗಾಳಿಯನ್ನು ೬ ರಿಂದ ೮ ಮಿಲಿಲೀಟರಿಗೆ ಇಳಿಸಿ, ಉಸಿರು ಬಿಟ್ಟಾಗಲೂ ಚೀಲಗಳು ಮುಚ್ಚದಂತೆ ಸಣ್ಣ ಒತ್ತಡ ಉಳಿಸಿ, ಆಗಾಗ ಅವನ್ನು ಅರಳಿಸಿದಾಗ ದೊಡ್ಡ ತೊಡಕುಗಳು ನೂರಕ್ಕೆ ೨೭.೫ ರಿಂದ ೧೦.೫ಕ್ಕೆ ಇಳಿದವು. ಒಂದೇ ಶ್ವಾಸಕೋಶ ಕೆಲಸ ಮಾಡುವಾಗ ಗಾಳಿಯನ್ನು ಇನ್ನೂ ಕಡಿಮೆ ಮಾಡುತ್ತಾರೆ.

ಎರಡನೆಯದು, ನೋವಿನ ಉಪಶಮನ. ಎದೆಯಲ್ಲಿ ಹೊಲಿಗೆ ಇದ್ದಾಗ ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಒಳಗೇ ಉಳಿದು ನ್ಯುಮೋನಿಯಾ ಬರುತ್ತದೆ. ಅದಕ್ಕೇ ಬೆನ್ನಿನಲ್ಲಿ ತೆಳುವಾದ ಎಪಿಡ್ಯೂರಲ್ ಕೊಳವೆ ಇಟ್ಟು, ಅಥವಾ ಪಕ್ಕೆಲುಬಿನ ನರಗಳ ಬಳಿ ಮದ್ದು ಕೊಟ್ಟು ನೋವನ್ನು ತಡೆಯುತ್ತಾರೆ.

ಇಲ್ಲಿ ನಮ್ಮ ಕುಟುಂಬಗಳಿಗೆ ಒಂದು ಮಾತು. ನಮ್ಮ ಎಷ್ಟೋ ತಾಯಂದಿರು "ಪ್ರಭು ಶಿಲುಬೆ ಮ್ಯಾಲೆ ಎಷ್ಟು ನೋವು ತಿಂದಾನ, ನಂದೇನು ದೊಡ್ಡದು" ಎಂದು ಹಲ್ಲು ಕಚ್ಚಿ ಸಹಿಸುತ್ತಾರೆ, ನರ್ಸಮ್ಮನನ್ನು ಕರೆಯುವುದಿಲ್ಲ. ಇದೇ ಪ್ರಶ್ನೆಯನ್ನು ಇಟಲಿಯ ಅರಿವಳಿಕೆ ತಜ್ಞರು ಜಗದ್ಗುರು ಹನ್ನೆರಡನೆಯ ಪಿಯೂಸ್ ಅವರ ಮುಂದಿಟ್ಟಿದ್ದರು. ನೋವು ನಿವಾರಕವನ್ನು ನಿರಾಕರಿಸಿ ನೋವನ್ನು ಸಹಿಸಲೇಬೇಕೆಂಬ ಸಾಮಾನ್ಯ ಕರ್ತವ್ಯ ಕ್ರೈಸ್ತರಿಗೆ ಇದೆಯೇ? ಹಾಗೇನೂ ಇಲ್ಲವೆಂದು ೧೯೫೭ರ ಫೆಬ್ರವರಿ ೨೪ರಂದು ಅವರು ಸ್ಪಷ್ಟವಾಗಿ ತಿಳಿಸಿದರು. ಆದ್ದರಿಂದ ಅಮ್ಮಂದಿರೇ, ನೋವಾದರೆ ಹೇಳಿ. ಅದು ವಿಶ್ವಾಸದ ಕೊರತೆಯಲ್ಲ. ನಿಮ್ಮ ಶ್ವಾಸಕೋಶಕ್ಕೆ ಅದೇ ಔಷಧಿ.

ಮನೆಯವರ ಪಾಲು

ಉಳಿದ ಕಾವಲು ನಮ್ಮ ಕೈಯಲ್ಲಿದೆ. ಆಪರೇಷನ್ನಿಗೆ ಮೊದಲು ಸಿಗುವ ವಾರಗಳು ಬಹಳ ಬೆಲೆಯುಳ್ಳವು.

ಬೀಡಿ, ಸಿಗರೇಟನ್ನು ಇಂದೇ ಬಿಡಿ. ನಾಲ್ಕು ವಾರ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಶ್ವಾಸಕೋಶದ ತೊಡಕುಗಳು ಕಡಿಮೆಯಾಗುತ್ತವೆ. ಗುಟ್ಕಾ, ತಂಬಾಕು, ಅಡಿಕೆ ಜಗಿಯುವವರಿಗೆ ಬಾಯಿ ಪೂರ್ತಿ ತೆರೆಯಲು ಬರದಿರಬಹುದು. ಉಸಿರಿನ ಕೊಳವೆ ಹಾಕುವಾಗ ಅದು ದೊಡ್ಡ ಅಪಾಯ. ಮೊದಲೇ ತಿಳಿದರೆ ತಜ್ಞರು ಬೇರೆ ದಾರಿ ಸಿದ್ಧಮಾಡಿಕೊಳ್ಳುತ್ತಾರೆ. ಆದ್ದರಿಂದ ನಾಚಿಕೆಪಟ್ಟು ಮುಚ್ಚಿಡಬೇಡಿ. ಕಲ್ಲಿನ ಕ್ವಾರಿಯಲ್ಲಿ ದೂಳು ಕುಡಿದಿದ್ದರೆ, ಸೌದೆ ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ್ದರೆ, ಉಬ್ಬಸ, ಹಳೆಯ ಕ್ಷಯ ಇದ್ದರೆ ಅದನ್ನೂ ಹೇಳಿ. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ತೋರಿಸಿ.

ಆಸ್ಪತ್ರೆಯಲ್ಲಿ ಮೂರು ಗುಂಡುಗಳಿರುವ ಪ್ಲಾಸ್ಟಿಕ್ ಸಾಧನ ಕೊಡುತ್ತಾರೆ. ಬಹಳ ಮಂದಿ ಅದನ್ನು ಪುಗ್ಗೆಯಂತೆ ಊದುತ್ತಾರೆ. ಅದು ತಪ್ಪು. ಉಸಿರನ್ನು ನಿಧಾನವಾಗಿ ಒಳಗೆ ಎಳೆದು ಗುಂಡುಗಳನ್ನು ಮೇಲೆತ್ತಬೇಕು. ಮನೆಯಲ್ಲೇ ಅಭ್ಯಾಸ ಮಾಡಿಸಿ, ಜೊತೆಗೆ ದಿನವೂ ನಡೆಸಿ. ಆಪರೇಷನ್ ಆದ ಮೇಲೆ ವೈದ್ಯರು ಎಬ್ಬಿಸಲು ಹೇಳಿದಾಗ "ಪಾಪ, ಮಲಗಲಿ" ಎನ್ನಬೇಡಿ.

ಕೊನೆಯದು ಉಪವಾಸ. ಸಾಮಾನ್ಯವಾಗಿ ಹಗುರ ಆಹಾರ ಆರು ಗಂಟೆ ಮೊದಲು, ಬರಿಯ ನೀರು ಎರಡು ಗಂಟೆ ಮೊದಲು ನಿಲ್ಲಬೇಕು. ಅನ್ನನಾಳದಲ್ಲಿ ಅಡಚಣೆ ಇದ್ದವರಿಗೆ ವೈದ್ಯರು ಇನ್ನೂ ಹೆಚ್ಚು ಹೊತ್ತು ಹೇಳಬಹುದು, ಅವರ ಮಾತೇ ಕೊನೆ. ಹಾಲು ಹಾಕಿದ ಚಹಾ ನೀರಲ್ಲ, ಅದು ಆಹಾರದ ಲೆಕ್ಕ. ಹಸಿದಿದ್ದಾರೆಂದು ಮರುಕಪಟ್ಟು ಬೆಳಗಿನ ಜಾವ ಗುಟ್ಟಾಗಿ ಒಂದು ಕಪ್ಪು ಚಹಾ ಕೊಡುವವರಿದ್ದಾರೆ. ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ, ಹೊಟ್ಟೆಯ ಆಮ್ಲ ಅದನ್ನು ಸುಡುತ್ತದೆ. ನಾವು ಹೆದರುವ ಉರಿಯೂತವನ್ನು ನಾವೇ ಕೈಯಾರೆ ಕೊಟ್ಟಂತಾಗುತ್ತದೆ. ತಪ್ಪಿ ಕೊಟ್ಟಿದ್ದರೆ ಹೇಳಿಬಿಡಿ. ಆಪರೇಷನ್ ಒಂದು ದಿನ ಮುಂದೆ ಹೋಗಬಹುದು, ಜೀವ ಉಳಿಯುತ್ತದೆ.

ಆತ್ಮೀಯರೇ, ಗುಡೂರಿನ ಆ ಮನೆಯ ಮಗ ಇನ್ನು ಸುಮ್ಮನೆ ಕೂರಬೇಕಾಗಿಲ್ಲ. ಹುಬ್ಬಳ್ಳಿಗೆ ಹೋದಾಗ ಶಸ್ತ್ರವೈದ್ಯರನ್ನು ಮಾತ್ರವಲ್ಲ, ಅರಿವಳಿಕೆ ತಜ್ಞರನ್ನೂ ಕಂಡು ಕೇಳಲಿ: "ನಮ್ಮ ಅವ್ವನ ಉಸಿರಿಗೆ ಎಷ್ಟು ತಾಕತ್ತು ಐತ್ರಿ? ನೋವಿಗೆ ಏನು ಕೊಡ್ತೀರಿ? ಈಗಿನಿಂದ ನಾವೇನು ಮಾಡಬೇಕ್ರಿ?" ಆಪರೇಷನ್ ಮುಗಿಯುವವರೆಗೆ ಅವರು ತಲೆಯ ಬಳಿ ನಿಂತು ಒಂದೊಂದು ಉಸಿರನ್ನೂ ಎಣಿಸುತ್ತಿರುತ್ತಾರೆ. ಆವಿ ನಿಲ್ಲಿಸಿದ ಮೇಲೆ ಅದು ಉಸಿರಿನ ಜೊತೆಗೇ ಹೊರಗೆ ಹೋಗುತ್ತದೆ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಣ್ಣು ತೆರೆಯುತ್ತಾರೆ. ವಯಸ್ಸಾದವರಲ್ಲಿ ಕೆಲವರು ಒಂದೆರಡು ದಿನ ಗಲಿಬಿಲಿಯಾಗಿ ಮಾತಾಡಬಹುದು, ಹೆಚ್ಚಿನವರಲ್ಲಿ ಅದೂ ಇಳಿಯುತ್ತದೆ. ಆಗ ಪಕ್ಕದಲ್ಲಿ ಪರಿಚಿತ ಮುಖ ಇರಲಿ, ಕನ್ನಡಕ ಕೈಗೆ ಸಿಗಲಿ, ಹೆಸರು ಹಿಡಿದು ಕರೆಯುವ ದನಿ ಕೇಳಲಿ.

ನಿಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ಇಂಥ ನಿರ್ಧಾರದ ಮುಂದೆ ಅಂಜಿ ಕುಳಿತಿದ್ದರೆ, ಈ ಪುಟವನ್ನು ಅವರಿಗೆ ಓದಿ ಹೇಳಿ. ಸಾಧ್ಯವಾದರೆ ಆಸ್ಪತ್ರೆಗೆ ಜೊತೆಗೂ ಹೋಗಿಬನ್ನಿ.